ವಿಳಂಬಕ್ಕೊಂದು ಪ್ರಮಾಣಪತ್ರ

ಸುರಂಗ ರೈಲಿನ ವಿಳಂಬವು ಎಷ್ಟೋ ಸಲ ಸಣ್ಣ ಕಾರಣದಿಂದ ಮೊದಲಾಗುತ್ತದೆ. ಜನದಟ್ಟಣೆಯಿಂದಾಗಿ ಬಾಗಿಲು ಮುಚ್ಚುವುದು ಕೆಲವು ಕ್ಷಣ ತಡವಾದರೆ, ಸುರಕ್ಷಿತ ಅಂತರ ಕಾಯಲೋಸುಗ ಹಿಂದೆ ಬರುವ ರೈಲೂ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಮುಂದಿನ ನಿಲ್ದಾಣಗಳಲ್ಲಿ ಇನ್ನಷ್ಟು ಜನ ನೆರೆಯುತ್ತಾರೆ. ಅವರೆಲ್ಲ ಹತ್ತಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಹೀಗೆ ಕ್ಷಣಗಳು ನಿಮಿಷಗಳಾಗಿ ಬೆಳೆಯುತ್ತವೆ.

1927ರಿಂದ ಸುರಂಗ ರೈಲು ಓಡುತ್ತಿರುವ ಟೋಕಿಯೋದಲ್ಲಿ ಈ ವಿಳಂಬಕ್ಕೆ ‘ಚಿಎನ್ ಶೋಮೇಶೋ’ ಎಂಬ ಪ್ರಮಾಣಪತ್ರವುಂಟು. ‘ಚಿಎನ್’ ಎಂದರೆ ವಿಳಂಬ. ರೈಲು 5 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡವಾದಾಗ ಟೋಕಿಯೋ ಮೆಟ್ರೊ ಇದನ್ನು ನೀಡುತ್ತದೆ. ನೌಕರರು ಕಚೇರಿಗೂ ವಿದ್ಯಾರ್ಥಿಗಳು ಶಾಲೆಗೂ ಇದನ್ನು ಒಪ್ಪಿಸುತ್ತಾರೆ. ಮನ್ನಿಸುವುದು ಆಯಾ ಸಂಸ್ಥೆಗೆ ಬಿಟ್ಟದ್ದು. ಆದರೂ ಹೊತ್ತಿಗೆ ಸರಿಯಾಗಿ ಹೊರಟವನು ಸೋಮಾರಿ ಎನಿಸಿಕೊಳ್ಳದಂತೆ, ಅವನ ಮಾತಿಗೆ ಆ ಚೀಟಿ ಸಾಕ್ಷಿಯಾಗಿ ನಿಲ್ಲುತ್ತದೆ.