ಹೆಚ್ಚು ಬಳಸಿಲ್ಲ, ಹೊಸದರಂತಿದೆ

ಸೆಕೆಂಡ್ ಹ್ಯಾಂಡ್ ಸಾಮಾನಿನ ಆ್ಯಪ್‌ಗಳಲ್ಲಿ ಕಾರು ಮಾರುವವರು ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಅಳುಕುತ್ತಲೇ ಹೇಳುತ್ತಾರೆ. ಟ್ರೆಡ್‌ಮಿಲ್ ಮಾರುವವರಿಗೆ ಆ ಅಳುಕಿಲ್ಲ. 'ಹೆಚ್ಚು ಬಳಸಿಲ್ಲ, ಹೊಸದರಂತಿದೆ' ಎಂಬ ಒಕ್ಕಣೆ ಇಲ್ಲದ ಜಾಹೀರಾತು ಸಿಗುವುದೇ ಅಪರೂಪ. ಜೊತೆಗಿನ ಫೋಟೊ ಕೂಡ ಆ ಮಾತಿಗೆ ಸಾಕ್ಷಿ ನುಡಿಯುತ್ತದೆ: ಹಿಡಿಕೆಯ ಮೇಲೆ ಟವೆಲ್ಲು, ಡಿಸ್‌ಪ್ಲೇ ಮೇಲೆ ಧೂಳು, ಬೆಲ್ಟಿನ ಮೇಲೆ ಮಡಚಿಟ್ಟ ಚಾಪೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಜಿಮ್‌ಗಳಿಗೆ ಬೀಗ ಬಿತ್ತು. ಅವನ್ನು ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು ಆಗಸ್ಟ್ 5ರಿಂದ. ಆ ನಡುವೆ ಎಷ್ಟೋ ಮನೆಗಳಿಗೆ ಸೈಕಲ್ಲೋ ಟ್ರೆಡ್‌ಮಿಲ್ಲೋ ಬಂದು ಕೂತವು. ರಸ್ತೆ, ಪಾರ್ಕು ತೆರೆದ ಮೇಲೆ ಅಷ್ಟೇ ಸದ್ದಿಲ್ಲದೆ ಮೂಲೆ ಸೇರಿದವು. ಕೈಯಲ್ಲಿ 20,000 ರೂಪಾಯಿ ಇಟ್ಟುಕೊಂಡು ಯಂತ್ರ ಹುಡುಕಲು ಹೊರಟ ಸಂಸಾರಕ್ಕೆ ಈ ಕತೆ ಎಚ್ಚರಿಕೆಯೂ ಹೌದು, ಅವಕಾಶವೂ ಹೌದು. ಮನೆಗೂ ಮೈಗೂ ಹೊಂದದ ಯಂತ್ರ ತಂದರೆ ದುಡ್ಡು ಮೂಲೆ ಸೇರುತ್ತದೆ. ಬೇರೆಯವರು ಹಾಗೆ ಮೂಲೆ ಸೇರಿಸಿದ್ದು ಅರ್ಧ ಬೆಲೆಗೆ ಸಿಗಲೂಬಹುದು.

ಮೈಗೆ ಬೇಕಾದದ್ದೆಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಕನಿಷ್ಠ ಲೆಕ್ಕ ಮುಗಿಯಿತು. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಮಧ್ಯಮ ಶ್ರಮದ ಅಳತೆಗೋಲು. ಮಾರ್ಗಸೂಚಿಯ ಇನ್ನೊಂದು ಸಾಲನ್ನು ಅಂಗಡಿಯವರು ನೆನಪಿಸುವುದಿಲ್ಲ: ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇರಬೇಕು. ಟ್ರೆಡ್‌ಮಿಲ್ ಆಗಲಿ ಸೈಕಲ್ ಆಗಲಿ ಮೊದಲನೆಯದನ್ನಷ್ಟೇ ಪೂರೈಸುತ್ತವೆ. ಇಡೀ ಬಜೆಟ್ಟನ್ನು ಒಂದೇ ಯಂತ್ರಕ್ಕೆ ಸುರಿದರೆ ಎರಡನೆಯದಕ್ಕೆ ಕಾಸು ಉಳಿಯುವುದಿಲ್ಲ.

ಡಿಸ್‌ಪ್ಲೇ ತೋರಿಸುವ ಕ್ಯಾಲೊರಿಗೆ ಮರುಳಾಗಬೇಕಿಲ್ಲ. 60 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಒಂದು ಮಸಾಲೆ ದೋಸೆಯ ಸಾಲ ತೀರಿಸಲು ಅದು ಸಾಲದು. ತುಳಿಯುವವರ ತೂಕವನ್ನೇ ಕೇಳದ ಯಂತ್ರ ತೋರಿಸುವ ಅಂಕಿ ಬರೀ ಅಂದಾಜು.

ಸೊಂಟಕ್ಕೆ ಕಟ್ಟಿಕೊಂಡು ಟಿವಿ ನೋಡುತ್ತಿದ್ದರೆ ಹೊಟ್ಟೆ ಕರಗುತ್ತದೆ ಎನ್ನುವ ಬೆಲ್ಟುಗಳನ್ನಂತೂ ಪಟ್ಟಿಯಿಂದಲೇ ಹೊಡೆದುಹಾಕಬಹುದು. ಇಂಥ ಮೂರು ಎಲೆಕ್ಟ್ರಾನಿಕ್ ಬೆಲ್ಟುಗಳ ಮಾರಾಟಗಾರರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲೇ ಸುಳ್ಳು ಜಾಹೀರಾತಿನ ಮೊಕದ್ದಮೆ ಹೂಡಿತ್ತು.

ಪ್ಲಗ್ಗಿಗೆ ಬಾರದ ಕುದುರೆಗಳು

ಟ್ರೆಡ್‌ಮಿಲ್ ಎಲ್ಲರಿಗೂ ಮೊದಲು ನೆನಪಾಗುವ ಯಂತ್ರ. ಕಾರಣವೂ ಸರಳ: ನಡೆಯಲು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಮನೆಯ ಯಂತ್ರಗಳಲ್ಲಿ ಅತಿ ಹೆಚ್ಚು ಬಿಡಿಭಾಗ, ಅತಿ ಹೆಚ್ಚು ಆರೈಕೆ ಬೇಡುವುದೂ ಅದೇ.

ಜಾಹೀರಾತಿನಲ್ಲಿ '6 ಎಚ್‌ಪಿ ಪೀಕ್' ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಒಂದು ಹಾರ್ಸ್‌ಪವರ್ ಎಂದರೆ 746 ವ್ಯಾಟ್. ಆರು ಕುದುರೆಗಳಿಗೆ 4,476 ವ್ಯಾಟ್ ಆಯಿತು. ಗೀಸರಿಗೆ ಹಾಕುವ 16 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ಕೊಡಬಲ್ಲದ್ದು 3,680 ವ್ಯಾಟ್ ಮಾತ್ರ. ಗೋಡೆಯಿಂದ ಬಾರದ ಶಕ್ತಿ ಮೋಟರಿಗೆ ಎಲ್ಲಿಂದ ಬಂದೀತು? 'ಪೀಕ್' ಎನ್ನುವುದು ಕ್ಷಣಮಾತ್ರದ ಲೆಕ್ಕ. ಮೋಟರು ಸತತವಾಗಿ ಕೊಡುವ ಶಕ್ತಿ ಎಷ್ಟು ಎಂದು ಕೇಳಬೇಕು. ನಡಿಗೆಗೆ ಒಂದೂವರೆಯಿಂದ ಎರಡು ಎಚ್‌ಪಿ ಸಾಕು, ದಿನಾ ಓಡುವವರಿಗೆ ಎರಡೂವರೆ ದಾಟಿರಬೇಕು. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪಾಯಿಂಟಿಗೆ ಇದನ್ನು ಸಿಕ್ಕಿಸುವುದು ಅಪಾಯ. ಯಂತ್ರ ಇಡುವ ಗೋಡೆಯಲ್ಲಿ ಪವರ್ ಪಾಯಿಂಟ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಖರ್ಚೂ ಬಜೆಟ್ಟಿಗೆ ಸೇರುತ್ತದೆ. ಕರೆಂಟಿನ ಬಿಲ್ಲಿಗೆ ಮಾತ್ರ ಹೆದರಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ನಡೆದರೆ ತಿಂಗಳಿಗೆ ಹತ್ತು ಯೂನಿಟ್ಟಿನ ಆಸುಪಾಸು.

ಇನ್ನು ಬೆಲ್ಟು. ನಡೆಯಲು 40 ಸೆಂಟಿಮೀಟರ್ ಅಗಲ ಸಾಕಾಗುತ್ತದೆ. ಓಡುವವರಿಗೆ, ಎತ್ತರದವರಿಗೆ 45ರಿಂದ 50 ಸೆಂಟಿಮೀಟರ್ ಅಗಲ, 130 ಸೆಂಟಿಮೀಟರಿಗೂ ಮೀರಿದ ಉದ್ದ ಬೇಕು. ಇಲ್ಲದಿದ್ದರೆ ಹೆಜ್ಜೆ ಹಾಕುವಾಗಲೆಲ್ಲ ಅಂಚು ತುಳಿದೇನೆಂಬ ಭಯ. ಯಂತ್ರ ಹೊರುವ ಗರಿಷ್ಠ ತೂಕ, ಮನೆಯಲ್ಲಿ ಅತಿ ಭಾರದವರ ತೂಕಕ್ಕಿಂತ 15–20 ಕೆ.ಜಿ. ಹೆಚ್ಚಿದ್ದರೆ ಒಳ್ಳೆಯದು. ಬೆಲ್ಟಿನ ಅಡಿಗೆ ಆಗಾಗ ಸಿಲಿಕೋನ್ ಎಣ್ಣೆ ಬಿಡಬೇಕು. ಅಡುಗೆಮನೆಯ ಕೊಬ್ಬರಿ ಎಣ್ಣೆಯೋ ಹೊಲಿಗೆ ಯಂತ್ರದ ಎಣ್ಣೆಯೋ ಬಿಟ್ಟರೆ ಬೆಲ್ಟೂ ಹಲಗೆಯೂ ಹಾಳು. ಮೋಟರೇ ಇಲ್ಲದ, ಕಾಲಿನಿಂದಲೇ ಬೆಲ್ಟ್ ತಳ್ಳುವ ಅಗ್ಗದ ಮಾದರಿಗಳೂ ಇವೆ. ಹಿಡಿಕೆಗೆ ಜೋತುಬಿದ್ದು, ಏರು ಹತ್ತುವ ಭಂಗಿಯಲ್ಲೇ ಅವನ್ನು ತಳ್ಳಬೇಕು; ಮಂಡಿ ನೋವಿರುವವರಿಗೆ ಅವು ಸಲ್ಲವು.

ಮಕ್ಕಳಿರುವ ಮನೆಯಲ್ಲಿ ಒಂದು ಪ್ರಕರಣ ನೆನಪಿರಬೇಕು. 2021ರ ಮೇ ತಿಂಗಳಲ್ಲಿ ಪೆಲೊಟಾನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಮಾದರಿಯ ಸುಮಾರು 1,25,000 ಯಂತ್ರಗಳನ್ನು ಅಮೆರಿಕದಲ್ಲಿ ವಾಪಸ್ ಕರೆಯಿತು. ಮಕ್ಕಳು, ಸಾಕುಪ್ರಾಣಿಗಳು, ಸಾಮಾನುಗಳು ಹಿಂಬದಿಯಿಂದ ಬೆಲ್ಟಿನಡಿಗೆ ಸೆಳೆಯಲ್ಪಟ್ಟ 70ಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಆರು ವರ್ಷದ ಮಗುವೊಂದು ಸತ್ತಿತ್ತು. ಅದು ದುಬಾರಿ ಯಂತ್ರ. ಅಗ್ಗದ ಯಂತ್ರಕ್ಕೂ ಎಚ್ಚರಿಕೆ ಅದೇ: ಹಿಂದೆ ಆರಡಿಯಷ್ಟು ಖಾಲಿ ಜಾಗ, ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸೇಫ್ಟಿ ಕೀ, ಬಳಸದಾಗ ಪ್ಲಗ್ ತೆಗೆದು ಆ ಕೀಯನ್ನು ಮಕ್ಕಳ ಕೈಗೆಟುಕದಂತೆ ಎತ್ತಿಡುವುದು.

ಸೈಕಲ್ಲಿನ ನಡುಮನೆ

20,000 ರೂಪಾಯಿಗೆ ಟ್ರೆಡ್‌ಮಿಲ್ ಲೋಕದ ಹೊಸ್ತಿಲಷ್ಟೇ ಸಿಗುತ್ತದೆ. ಅದೇ ದುಡ್ಡಿಗೆ ಸೈಕಲ್ ಲೋಕದ ನಡುಮನೆಯೊಳಗೇ ಹೋಗಿ ಕೂರಬಹುದು. ಕಡಿಮೆ ಬಜೆಟ್ಟಿನವರಿಗೆ ಇಡೀ ವಿಷಯದ ತಿರುಳು ಇದು: ತೊಡಕಿನ ಯಂತ್ರದಲ್ಲಿ ಅಗ್ಗದ್ದನ್ನು ಕೊಳ್ಳುವ ಬದಲು ಸರಳ ಯಂತ್ರದಲ್ಲಿ ಒಳ್ಳೆಯದನ್ನು ಕೊಳ್ಳುವುದು.

ನಿಂತಲ್ಲೇ ತುಳಿಯುವ ಸೈಕಲ್ಲಿಗೆ ಮೋಟರಿಲ್ಲ. ಕರೆಂಟು ಹೋದರೂ ಓಡುತ್ತದೆ, ಎರಡು ಮೂರಡಿ ಜಾಗದಲ್ಲಿ ಕೂರುತ್ತದೆ, ಕೆಳಗಿನ ಮನೆಯವರ ತಲೆಯ ಮೇಲೆ ಧಡಧಡ ಸದ್ದಿಲ್ಲ. ಮೈಭಾರ ಸೀಟಿನ ಮೇಲಿರುವುದರಿಂದ ಮಂಡಿಗೂ ಹಿಮ್ಮಡಿಗೂ ಪೆಟ್ಟು ಕಡಿಮೆ. ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಚಕ್ರವನ್ನು ಬಿಗಿ ಮಾಡುವುದು ಯಾವುದು ಎಂಬುದು. ಅಗ್ಗದವುಗಳಲ್ಲಿ ಉಣ್ಣೆಯ ಪ್ಯಾಡೊಂದು ಚಕ್ರಕ್ಕೆ ಒತ್ತಿ ಉಜ್ಜುತ್ತದೆ. ಸವೆಯುತ್ತದೆ, ಸದ್ದು ಮಾಡುತ್ತದೆ, ಬದಲಿಸಬೇಕಾಗುತ್ತದೆ. ಮ್ಯಾಗ್ನೆಟಿಕ್ ಮಾದರಿಯಲ್ಲಿ ಅಯಸ್ಕಾಂತ ಚಕ್ರವನ್ನು ಮುಟ್ಟದೆಯೇ ತಡೆಯುತ್ತದೆ, ಸವೆತವಿಲ್ಲ. ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟರೂ ಅದೇ ಲಾಭ. ಚಕ್ರ ಭಾರವಿದ್ದಷ್ಟೂ ತುಳಿತ ಎಡವದೆ ಸಾಗುತ್ತದೆ.

ಮನೆಮಂದಿಯೆಲ್ಲ ಬಳಸುವುದಾದರೆ ಸೀಟು ಸಲೀಸಾಗಿ ಏರಿಳಿಯಬೇಕು. ಪೆಡಲ್ ಅತಿ ಕೆಳಗಿದ್ದಾಗ ಮಂಡಿ ಕೊಂಚವಷ್ಟೇ ಬಾಗಿರಬೇಕು. ಆರಡಿಯ ಮಗ ತುಳಿದಿಟ್ಟ ಎತ್ತರದಲ್ಲೇ ಐದಡಿಯ ಅಮ್ಮ ತುಳಿದರೆ ಸೊಂಟ ನೋವು ಖಚಿತ. ಬೆನ್ನಿಗೆ ಆನಿಕೆ ಇರುವ, ಕಾಲು ಮುಂದೆ ಚಾಚಿ ತುಳಿಯುವ ಮಾದರಿ ಹಿರಿಯರಿಗೆ ಹಿತ. ಹೃದ್ರೋಗ ಇರುವವರು, ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರು ಯಾವ ಯಂತ್ರಕ್ಕೂ ಮೊದಲು ವೈದ್ಯರನ್ನು ಕೇಳಬೇಕು.

ನಿಂತು ತುಳಿಯುವ ಎಲಿಪ್ಟಿಕಲ್ ಕೀಲುಗಳಿಗೆ ಸೌಮ್ಯ, ಆದರೆ ಅಗ್ಗದವುಗಳ ಹೆಜ್ಜೆಯಳತೆ ಗಿಡ್ಡ. ಪೆಡಲ್ ಹತ್ತಿದಾಗ ತಲೆ ಮೇಲೇರುವುದರಿಂದ ಫ್ಯಾನಿನ ರೆಕ್ಕೆ, ಶೀಟಿನ ಸೂರು ಎಷ್ಟು ಎತ್ತರದಲ್ಲಿವೆ ಎಂದು ನೋಡಿಕೊಂಡೇ ಕೊಳ್ಳಬೇಕು. ಹುಟ್ಟು ಹಾಕಿದಂತೆ ಎಳೆಯುವ ರೋಯಿಂಗ್ ಯಂತ್ರ ಕಾಲು, ಬೆನ್ನು, ತೋಳು ಮೂರನ್ನೂ ದುಡಿಸುತ್ತದೆ. ಇದರಲ್ಲಿ ಹೆಸರಾಂತ ಕಾನ್ಸೆಪ್ಟ್2 ಹುಟ್ಟಿದ್ದು ಅಮೆರಿಕದ ವರ್ಮಾಂಟಿನಲ್ಲಿ. ಹುಟ್ಟುಗೋಲು ತಯಾರಿಸುತ್ತಿದ್ದ ಅಣ್ಣತಮ್ಮಂದಿರಿಬ್ಬರು 1981ರಲ್ಲಿ ಸೈಕಲ್ಲಿನ ಚಕ್ರವನ್ನೇ ಬಳಸಿ ಮೊದಲ ಮಾದರಿ ಮಾರಿದರು. ಇಂದು ಅದರ ಬೆಲೆ ಭಾರತದಲ್ಲಿ ಲಕ್ಷದ ಲೆಕ್ಕ. ಬೆನ್ನು ಬಾಗಿಸದೆ ಎಳೆಯುವುದನ್ನು ಕಲಿಯಬೇಕಾದ್ದರಿಂದ ಇದು ಎಲ್ಲರ ಮೊದಲ ಯಂತ್ರವಲ್ಲ.

ಗರಡಿಯ ಸಾಮಾನು, ಅಂಚೆಯ ಪಾಠ

ಸ್ನಾಯುಬಲದ ಪಾಲಿಗೆ ಯಂತ್ರವೇ ಬೇಕೆಂದಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ, ಕಲ್ಲುಗುಂಡುಗಳಿಂದಲೇ ಪೈಲ್ವಾನರ ಮೈ ಹುರಿಗೊಂಡಿತು. ಭಾರತದ ಗರಡಿಗಳಲ್ಲಿ ಬೀಸುವ ಮರದ ಮುದ್ಗರ 19ನೇ ಶತಮಾನದಲ್ಲಿ ಬ್ರಿಟನ್ನಿಗೆ ಹೋಗಿ 'ಇಂಡಿಯನ್ ಕ್ಲಬ್' ಎನಿಸಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಅದನ್ನು ಬೀಸುವುದೇ ಒಂದು ಸ್ಪರ್ಧೆಯಾಗಿತ್ತು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತ, ಬರಲಾಗದವರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಮನೆಯಲ್ಲೇ ಮೈ ಬೆಳೆಸುವ ಹಂಬಲ ಇಂದಿನದಲ್ಲ.

ಹೀಗಾಗಿ 20,000 ರೂಪಾಯಿಯನ್ನು ಒಡೆದು ಹಂಚುವುದು ಜಾಣತನ. ಸುಮಾರು 13,000–14,000ಕ್ಕೆ ಮ್ಯಾಗ್ನೆಟಿಕ್ ಸೈಕಲ್ಲು. ಎರಡು ಮೂರು ಸಾವಿರಕ್ಕೆ ತೂಕ ಕೂಡಿಸಿ ಕಳೆಯಬಹುದಾದ ಡಂಬೆಲ್ಸ್. ಕಬ್ಬಿಣದ ಪ್ಲೇಟನ್ನು ಅಂಗಡಿಗಳು ಕಿಲೋ ಲೆಕ್ಕದಲ್ಲೇ ಮಾರುತ್ತವೆ, ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಪ್ಲೇಟು ಇನ್ನೂ ಅಗ್ಗ. ಒಂದು ಸಾವಿರಕ್ಕೆ ರಬ್ಬರ್ ಮ್ಯಾಟು, ಎಳೆಯುವ ರಬ್ಬರ್ ಬ್ಯಾಂಡು. ಉಳಿದದ್ದು ರಿಪೇರಿಗೆ. ವಾರಂಟಿಯಲ್ಲಿ ಚೌಕಟ್ಟಿಗೂ ಮೋಟರಿಗೂ ಹತ್ತಾರು ವರ್ಷ ಎಂದಿದ್ದರೂ ಬೇಗ ಸವೆಯುವ ಭಾಗಗಳಿಗೆ ಎಷ್ಟು ದಿನ ಎಂಬುದನ್ನು ಓದಬೇಕು. ಕಲಬುರಗಿಗೋ ಶಿರಸಿಗೋ ಮೆಕ್ಯಾನಿಕ್ ಬರುತ್ತಾನೆಯೇ, ಬಂದರೆ ಬರುವ ಖರ್ಚು ಯಾರದು ಎಂದು ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಬೋಲ್ಟು, ಬೇರಿಂಗಿಗೆ ತುಕ್ಕು ಹಿಡಿಯುವುದು ಬೇಗ. ಬೆವರು ಒರೆಸಿ ಒಣಗಿಸಿಡುವ ಕೆಲಸ ಅಲ್ಲಿ ದಿನನಿತ್ಯದ್ದು.

ಹಣ ತೆರುವ ಮೊದಲು ತಿಂಗಳೊಂದನ್ನು ಪರೀಕ್ಷೆಗೆ ಬಿಡಬಹುದು. ಯಾವ ಹೊತ್ತಿನಲ್ಲಿ ಸೈಕಲ್ ತುಳಿಯುವ ಯೋಚನೆಯಿದೆಯೋ ಅದೇ ಹೊತ್ತಿಗೆ ದಿನಾ ಅರ್ಧ ಗಂಟೆ ಬೀದಿಯಲ್ಲೋ ಮೆಟ್ಟಿಲಿನಲ್ಲೋ ನಡೆಯುವುದು. ಇಪ್ಪತ್ತು ದಿನ ಆ ಹೊತ್ತು ಕೈಗೆ ಸಿಕ್ಕಿತೆಂದರೆ ಯಂತ್ರಕ್ಕೂ ಸಿಗುತ್ತದೆ.

ಆಮೇಲೆ ಆ್ಯಪ್ ತೆರೆಯಬಹುದು. ಫೋಟೊ ನೋಡಿ ಮುಂಗಡ ಕಳಿಸದೆ, ಬೂಟು ತೊಟ್ಟು ಮಾರುವವರ ಮನೆಗೇ ಹೋಗಬೇಕು. ಟ್ರೆಡ್‌ಮಿಲ್ ಆದರೆ ಹದಿನೈದು ನಿಮಿಷ ನಡೆದು ನೋಡಬೇಕು: ಬೆಲ್ಟು ಒಂದು ಪಕ್ಕಕ್ಕೆ ಸರಿಯುತ್ತದೆಯೇ, ಹೆಜ್ಜೆ ಊರಿದಾಗ ತಡವರಿಸುತ್ತದೆಯೇ, ಸುಟ್ಟ ವಾಸನೆ ಬರುತ್ತದೆಯೇ? ಸೈಕಲ್ ಆದರೆ ಪೆಡಲನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಬಿಗಿಯ ತಿರುಪನ್ನು ಕೊನೆಯವರೆಗೂ ತಿರುಗಿಸಿ, ಸೀಟಿನ ಕಂಬದಲ್ಲಿ ತುಕ್ಕಿದೆಯೇ ಎಂದು ಬೆರಳಾಡಿಸಬೇಕು. ಬಿಲ್ಲು ಕೇಳಬೇಕು. ಯಾಕೆ ಮಾರುತ್ತಿದ್ದೀರಿ ಎಂದೂ ಕೇಳಬೇಕು. ವರ್ಗವಾಯಿತು, ಮನೆ ಬದಲಿಸುತ್ತಿದ್ದೇವೆ ಎಂದರೆ ಸರಿ. 'ಹಾಲ್‌ನಲ್ಲಿ ಓಡಾಡೋಕೆ ಜಾಗವೇ ಇಲ್ಲ ಸಾರ್, ಮನೆಯವರ ಬೈಗುಳ ಕೇಳೋಕಾಗಲ್ಲ' ಎಂದರೆ ಜೇಬಿನಿಂದ ಟೇಪು ತೆಗೆದು ಯಂತ್ರದ ಉದ್ದಗಲವನ್ನು ಇನ್ನೊಮ್ಮೆ ಅಳೆದು ಬರೆದುಕೊಳ್ಳುವುದು, ಮತ್ತು ಬೆಲೆ ಮಾತಾಡುವ ಮುನ್ನ ಮನೆಗೆ ಒಂದು ಫೋನು ಮಾಡುವುದು.