ಮನೆಯ ಗ್ಯಾರೇಜಿಗೊಂದು ಏರ್ ಕಂಪ್ರೆಸರ್

ನಾಸಿಕದ ಸಾತಪುರ, ಅಂಬಡಗಳಲ್ಲಾಗಲಿ ಛತ್ರಪತಿ ಸಂಭಾಜಿನಗರದ ವಾಳೂಜದಲ್ಲಾಗಲಿ ಕಾರ್ಖಾನೆಗೆ ಹೋಗುವ ಕನ್ನಡಿಗರಿಗೆ ಏರ್ ಕಂಪ್ರೆಸರ್ ಹೊಸದಲ್ಲ. ಮನೆಗೆ ಕೊಳ್ಳುವಾಗ ಮಾತ್ರ ಲೆಕ್ಕ ಬೇರೆ. ಕಾರಿನ ಚಕ್ರಕ್ಕೆ ಬೇಕಾದುದು ಸಾಮಾನ್ಯವಾಗಿ 30–35 ಪಿಎಸ್‌ಐ ಒತ್ತಡ. 1 ಅಶ್ವಶಕ್ತಿಯ ಮೋಟಾರು, 25 ಲೀಟರಿನ ಟ್ಯಾಂಕು ಧಾರಾಳವಾಯಿತು. ಬಣ್ಣ ಸಿಂಪಡಿಸುವವರು ನಿಮಿಷಕ್ಕೆಷ್ಟು ಗಾಳಿ ಹೊರಬರುವುದೆಂದು ವಿಚಾರಿಸತಕ್ಕದ್ದು.

ಅಗ್ಗವೆಂದು ಗುಜರಿಯ ಟ್ಯಾಂಕು ತರುವುದು ಮಾತ್ರ ಸಲ್ಲದು. ಒತ್ತಿದ ಗಾಳಿಯ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ನಾಸಿಕದ ಮಳೆಗಾಲದಲ್ಲಂತೂ ಹೇಳಬೇಕಾಗಿಲ್ಲ. ಹೊರಗೆ ಹೊಸ ಬಣ್ಣದಿಂದ ಹೊಳೆಯುವ ಟ್ಯಾಂಕನ್ನು ಒಳಗೆ ತುಕ್ಕು ತಿಂದಿದ್ದರೆ, ಅದು ಒಂದು ದಿನ ಸಿಡಿದೀತು. ಸುರಕ್ಷಾ ಕವಾಟವಿಲ್ಲದ ಯಂತ್ರ ಬೇಡವೇ ಬೇಡ. ಕೆಲಸ ಮುಗಿದೊಡನೆ ಒತ್ತಡವಿಳಿಸಿ, ತಳದ ನಲ್ಲಿಯಿಂದ ನೀರನ್ನು ಹೊರಬಿಡಬೇಕು. ಮೈಮೇಲಿನ ಧೂಳನ್ನು ಅದೇ ಗಾಳಿಯಿಂದ ಕೊಡವಿಕೊಳ್ಳುವವರೂ ಉಂಟು. ಸಣ್ಣ ಗಾಯದ ಮೂಲಕ ಆ ಗಾಳಿ ಚರ್ಮದಡಿ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.