ಬಿಲ್ಲಿನ ಹಿಂದಿರೋ ಇಂಗ್ಲಿಷ್: ಅಂಗಡಿಯವರು ಬಾಯಿಬಿಟ್ಟು ಹೇಳದ ಪದಗಳು

ಶಾಪಿಂಗ್‌ಗೆ ಬೇಕಾಗೋ ಇಂಗ್ಲಿಷ್ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ರಿ. ‘ಹೌ ಮಚ್ ಈಸ್ ದಿಸ್’ ಇಂದ ಶುರು ಮಾಡೋಣ ಅಂತಾನೇ ನಾನೂ ಅಂದುಕೊಂಡಿದ್ದೆ. ಬರೆಯೋಕೆ ಕೂತಾಗ ಅಮ್ಮನ ಡಬ್ಬಿ ನೆನಪಾಯ್ತು, ಪ್ಲಾನ್ ಬದಲಾಯ್ತು.

ಅಮ್ಮ ಇರೋದು ದಾವಣಗೆರೆಯಲ್ಲಿ. ದಸರಾ ಹೊತ್ತಿಗೆ ತಂಗಿಗೆ ಅಂತ ಒಂದು ಚೂಡಿದಾರ್ ಸೆಟ್ ತಂದಿದ್ರು, 1,850 ರೂಪಾಯಿ. ಅಳತೆ ಸರಿಹೋಗಲಿಲ್ಲ. ವಾಪಸ್ ತಗೊಂಡು ಹೋದರು, ಬದಲಿಗೆ ಬೇರೆ ಯಾವುದೂ ಹಿಡಿಸಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗ ಒಂದು ಚೀಟಿ ಕೊಟ್ಟು, ‘ಇದನ್ನ ಇಟ್ಕೊಂಡಿರಿ ಆಂಟಿ’ ಅಂದ. ಚೀಟಿ ಮೇಲಿದ್ದದ್ದು ‘ಕ್ರೆಡಿಟ್ ನೋಟ್’. ಕ್ರೆಡಿಟ್ ಅಂದ್ರೆ ಸಾಲ, ಅಂದ್ರೆ ಅಂಗಡಿಯವರು ನಮಗೆ ಬಾಕಿ ಇದ್ದಾರೆ, ಆಮೇಲೆ ದುಡ್ಡು ಕೊಡ್ತಾರೆ ಅಂತ ಅಮ್ಮ ಅಂದುಕೊಂಡ್ರು. ಅರ್ಧ ಸರಿಯೇ! ಚೀಟೀನ ಅಡುಗೆಮನೆಯ ಡಬ್ಬೀಲಿ ಇಟ್ಟರು. ದೀಪಾವಳಿಗೆ ನಾನು ಊರಿಗೆ ಹೋದಾಗ ಕೆಳಗಿನ ಸಾಲು ಓದಿದೆ: 15 ದಿನಕ್ಕೆ ಮಾತ್ರ, ನಗದು ಕೊಡಲ್ಲ. ದಿನ ಮುಗಿದು ವಾರದ ಮೇಲಾಗಿತ್ತು. ಅಂಗಡಿಗೆ ಹೋಗಿ ಕೇಳಿದೆವು. ‘ಸಿಸ್ಟಮ್ ತಗೊಳ್ಳಲ್ಲ ಸಾರ್.’ ಅಷ್ಟೇ.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ನಾನು ಬಿ.ಕಾಂ. ಕ್ರೆಡಿಟ್ ನೋಟ್ ಅಂದ್ರೇನು ಅಂತ ಪರೀಕ್ಷೇಲಿ ಬರೆದವನು. ಅದನ್ನ ಅಮ್ಮನಿಗೆ ಒಂದು ಸಲಾನೂ ಹೇಳಿರಲಿಲ್ಲ.

ವಿಷಯ ಇಷ್ಟೇ. ನಮ್ಮೂರ ಅಂಗಡೀಲಿ ಮಾತು ಕನ್ನಡದಲ್ಲೇ ನಡೆಯುತ್ತೆ. ಚೌಕಾಸಿಗೆ ಇಂಗ್ಲಿಷ್ ಬೇಕಾಗಿಲ್ಲ. ಆದರೆ ಕೈಗೆ ಬರೋ ಕಾಗದ, ಬಟ್ಟೆಯ ಟ್ಯಾಗು, ಆ್ಯಪ್‌ನ ಸಣ್ಣಕ್ಷರ, ಇವೆಲ್ಲ ಇಂಗ್ಲಿಷ್. ದುಡ್ಡು ಹೋಗೋದು ಅಲ್ಲಿ.

ಹಾಗಾಗಿ ಮೊದಲು ಈ ನಾಲ್ಕು ಪದ. ‘ರಿಟರ್ನ್’ ಅಂದ್ರೆ ಸಾಮಾನು ಹಿಂದಕ್ಕೆ ಕೊಡೋದು, ಅಷ್ಟೇ. ದುಡ್ಡು ಬರುತ್ತೆ ಅಂತ ಆ ಪದ ಹೇಳಲ್ಲ. ‘ರಿಫಂಡ್’ ಅಂದ್ರೇನೇ ಹಣ ವಾಪಸ್. ‘ಎಕ್ಸ್‌ಚೇಂಜ್’ ಅಂದ್ರೆ ಅದರ ಬದಲಿಗೆ ಬೇರೆ ಸೈಜು, ಬೇರೆ ಬಣ್ಣ ಅಥವಾ ಬೇರೆ ಸಾಮಾನು. ‘ರಿಪ್ಲೇಸ್‌ಮೆಂಟ್’ ಅಂದ್ರೆ ಕೆಟ್ಟಿದ್ದರೆ ಅದೇ ಸಾಮಾನು ಮತ್ತೊಂದು. ಮೊಬೈಲ್ ಆರ್ಡರ್ ಮಾಡುವಾಗ ‘7 ಡೇಸ್ ರಿಪ್ಲೇಸ್‌ಮೆಂಟ್’ ಅಂತಿದ್ದರೆ, ಇಷ್ಟ ಆಗಲಿಲ್ಲ ಅಂತ ವಾಪಸ್ ಮಾಡಬಹುದು ಅಂದುಕೋಬೇಡಿ. ರಿಫಂಡ್‌ನಲ್ಲೂ ಒಂದು ಕವಲಿದೆ: ಆ್ಯಪ್ ‘ವಾಲೆಟ್’ಗಾ ‘ಒರಿಜಿನಲ್ ಪೇಮೆಂಟ್ ಮೆಥಡ್’ಗಾ ಅಂತ ಕೇಳಿದರೆ, ನಿಮ್ಮ ಬ್ಯಾಂಕಿಗೆ ಬರೋದು ಎರಡನೆಯದು. ಆತುರಕ್ಕೆ ಮೊದಲನೇದು ಒತ್ತಿದರೆ ದುಡ್ಡು ಆ ಆ್ಯಪ್ ಒಳಗೇ ಉಳಿಯುತ್ತೆ. ಅಮ್ಮನ ಚೀಟಿ ಥರಾನೇ.

ಇನ್ನು ಡಿಸ್ಕೌಂಟ್. ‘ಫ್ಲ್ಯಾಟ್ 50%’ ಅಂದ್ರೆ ಎಲ್ಲದರ ಮೇಲೂ ಅರ್ಧ ಬೆಲೆ. ‘ಅಪ್ ಟು 50%’ ಅಂದ್ರೆ ಅತಿ ಹೆಚ್ಚು ಅಂದ್ರೆ 50. ನೀವು ಎತ್ತಿಕೊಂಡ ಅಂಗಿಗೆ 10 ಇದ್ದರೂ ಬೋರ್ಡ್ ಸುಳ್ಳಲ್ಲ. ಆ ‘ಅಪ್ ಟು’ ಯಾವಾಗಲೂ ಸಾಸಿವೆ ಕಾಳಷ್ಟಿರುತ್ತೆ, ಗಮನಿಸಿದ್ದೀರಾ? ‘50% + 20%’ ಅಂದ್ರೂ 70 ಅಲ್ಲ. 1,000 ರೂಪಾಯಿ ಮೊದಲು 500 ಆಗುತ್ತೆ, ಆ 500ರಲ್ಲಿ 20% ಹೋದರೆ 400. ಒಟ್ಟು ರಿಯಾಯಿತಿ 60%.

ಎಂಆರ್‌ಪಿ ಪಕ್ಕ ‘ಇನ್‌ಕ್ಲೂಸಿವ್ ಆಫ್ ಆಲ್ ಟ್ಯಾಕ್ಸಸ್’ ಅಂತಿರುತ್ತಲ್ಲ, ಅದರರ್ಥ ತೆರಿಗೆ ಆ ಬೆಲೆಯೊಳಗೇ ಸೇರಿದೆ. ಪ್ಯಾಕೆಟ್ ಸಾಮಾನಿನ ಎಂಆರ್‌ಪಿ ಮೇಲೆ ಅಂಗಡಿಯವರು ಮತ್ತೆ ಜಿಎಸ್‌ಟಿ ಸೇರಿಸೋ ಹಾಗಿಲ್ಲ. ಬಿಲ್ಲಿನ ಕೊನೇಲಿ ಜಿಎಸ್‌ಟಿ ಎಷ್ಟು ಅಂತ ಬಿಡಿಸಿ ತೋರಿಸಿದ ಮಾತ್ರಕ್ಕೆ ಜಗಳಕ್ಕೆ ಹೋಗಬೇಡಿ, ಮೊದಲು ಒಟ್ಟು ಮೊತ್ತ ನೋಡಿ.

‘ನೋ ಕಾಸ್ಟ್ ಇಎಂಐ’ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಬಡ್ಡಿ ಇರುತ್ತೆ, ಅದನ್ನ ಬೆಲೆಯಲ್ಲೋ ಡಿಸ್ಕೌಂಟ್‌ನಲ್ಲೋ ಹೊಂದಿಸಿರ್ತಾರೆ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಹುಡುಕಬೇಕಾದ ಪದ ‘ಪ್ರೊಸೆಸಿಂಗ್ ಫೀ’. ಹಾಗೇ, ಒಮ್ಮೆಗೇ ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಕಡಿಮೆ ಮಾಡ್ತಾರೆ ಅಂತಲೂ ಕೇಳಿ.

ಆ್ಯಪ್‌ನಲ್ಲಿ ಪೇ ಮಾಡೋ ಮುಂಚೆ ಒಂದೇ ಕೆಲಸ: ಮೊದಲೇ ಟಿಕ್ ಆಗಿರೋ ಚೌಕಗಳನ್ನ ನೋಡಿ. ‘ಡೊನೇಶನ್’, ‘ಇನ್ಶೂರೆನ್ಸ್’, ಹೀಗೆ ಏನೋ ಒಂದು. ನಾವು ಕೇಳದ್ದನ್ನ ಬುಟ್ಟಿಗೆ ತುರುಕೋದಕ್ಕೆ ‘ಬಾಸ್ಕೆಟ್ ಸ್ನೀಕಿಂಗ್’ ಅಂತ ಹೆಸರು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೆಸರಿಸಿ ನಿಷೇಧಿಸಿದ 13 ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು.

ಪೂರ್ತಿ ಇಂಗ್ಲಿಷ್ ವಾಕ್ಯ ಬೇಕೇಬೇಕು, ಬೇರೆ ರಾಜ್ಯದಲ್ಲಿದ್ದೀನಿ ಅಂತೀರಾ? ‘ವಿಲ್ ಐ ಗೆಟ್ ಎ ರಿಫಂಡ್ ಆರ್ ಎ ಕ್ರೆಡಿಟ್ ನೋಟ್?’ ಇದೊಂದು ಬಾಯಿಪಾಠ ಮಾಡಿ. ದುಡ್ಡು ಕೊಡೋ ಮುಂಚೆ ಕೇಳಿ, ಕೊಟ್ಟ ಮೇಲಲ್ಲ. ಅಂದಹಾಗೆ, ‘ರಿಸೀಟ್’ನಲ್ಲಿ ‘ಪ’ ಉಚ್ಚಾರ ಇಲ್ಲ. ಕಾಲೇಜಲ್ಲಿ ನಾನು ವರ್ಷಗಟ್ಟಲೆ ‘ರಿಸೀಪ್ಟ್’ ಅಂತಿದ್ದೆ, ಯಾರೂ ತಿದ್ದಲಿಲ್ಲ.

ಹೋದ ತಿಂಗಳು ಅಮ್ಮನ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಸೀರೆ ಆರಿಸಿ, ಪರ್ಸ್ ತೆಗೆಯೋ ಮುಂಚೆ ಅಮ್ಮ ಕೇಳಿದರು, ‘ಏನಪ್ಪಾ, ವಾಪಸ್ ತಂದ್ರೆ ರಿಫಂಡಾ, ಕ್ರೆಡಿಟ್ ನೋಟಾ?’ ಆತ ಒಂದು ಕ್ಷಣ ನನ್ನ ಮುಖ ನೋಡಿದ. ‘ಕ್ರೆಡಿಟ್ ನೋಟ್ ಅಮ್ಮಾ, 30 ದಿನ.’ ಅಮ್ಮ ಬಿಲ್ಲಿನ ಮೇಲೆ ಆ ತಾರೀಕು ಬರೆಸಿಕೊಂಡೇ ದುಡ್ಡು ಎಣಿಸಿದರು.